ವಿಯೆನ್ನಾದಲ್ಲಿ ಮಾರ್ಲಮಿ

ಶೆಟ್ಟಿಹಳ್ಳಿ

ಗುಬ್ಬಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ವಾಪಸು. ಈ ಶಾಸ್ತ್ರ ಕಟ್ಟಿದವರ ಹೆಸರುಗಳು ನಮ್ಮ ಮಕ್ಕಳ ಬಾಯಲ್ಲಿ ಹೊರಳುವುದಿಲ್ಲ. ಪರೀಕ್ಷೆಗೆಂದು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಸಂಜೆಯೇ ಮರೆಯುತ್ತಾರೆ. ಹಾಗಾಗಿ ನಮ್ಮ ತರಗತಿಯಲ್ಲಿ ಅವರಿಗೆಲ್ಲ ನಾವೇ ಇಟ್ಟ ಹೆಸರುಗಳಿವೆ.

ಮನಸ್ಸನ್ನು ಮೊಟ್ಟಮೊದಲು ಪ್ರಯೋಗಶಾಲೆಗೆ ತಂದು, ಶಬ್ದ ಕೇಳಿದ ಮನುಷ್ಯ ಗುಂಡಿ ಒತ್ತಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದವರು ಗಡಿಯಾರದ ಮೇಷ್ಟ್ರು. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾನು ತಲೆಯ ಹಿಂದೆ ಕೂತು, ಬಾಯಿಗೆ ಬಂದದ್ದನ್ನೆಲ್ಲ ಹೇಳಿಸಿದವರು ಮಂಚದ ಮೇಷ್ಟ್ರು. ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ಜೊಲ್ಲು ಸುರಿಸಿದವರು ನಾಯಿ ಮೇಷ್ಟ್ರು. ಒಳಗಿನದು ಬಿಡಿ, ಕಣ್ಣಿಗೆ ಕಾಣುವ ವರ್ತನೆಯೊಂದೇ ಲೆಕ್ಕ ಎಂದು ಇಲಿಗೆ ಕಾಳು ಹಾಕಿ ಪಾಠ ಕಲಿಸಿದವರು ಇಲಿ ಮೇಷ್ಟ್ರು. ಮನಸ್ಸು ಚುಕ್ಕಿ ಚುಕ್ಕಿಯಾಗಿ ನೋಡುವುದಿಲ್ಲ, ಇಡೀ ರಂಗೋಲಿಯನ್ನೇ ನೋಡುತ್ತದೆ, ಗೆರೆ ಎಲ್ಲಾದರೂ ಬಿಟ್ಟುಹೋಗಿದ್ದರೆ ತಾನೇ ಎಳೆದುಕೊಳ್ಳುತ್ತದೆ ಎಂದ ಜರ್ಮನಿಯವರು ರಂಗೋಲಿ ಮೇಷ್ಟ್ರುಗಳು. ಬುದ್ಧಿ ಹೇಳಬೇಡಿ, ಎದುರಿಗಿರುವವರು ಹೇಳುವುದನ್ನು ಮನಸ್ಸಿಟ್ಟು ಕೇಳಿ ಸಾಕು ಎಂದವರು ಕಿವಿ ಮೇಷ್ಟ್ರು. ಕಿವಿ ಮೇಷ್ಟ್ರ ಪಾಠ ಪುಸ್ತಕದ ಕೊನೆಗಿದೆ. ಪ್ರತಿವರ್ಷ ಅಲ್ಲಿಗೆ ಬರುವ ಹೊತ್ತಿಗೆ ಪರೀಕ್ಷೆ ಹತ್ತಿರವಾಗಿರುತ್ತದೆ, ನಾನು ಅದನ್ನು ಓಡಿಸಿಬಿಡುತ್ತೇನೆ.

ಗಡಿಯಾರದ ಮೇಷ್ಟ್ರ ಊರು ಲೈಪ್‌ಜಿಗ್, ಮಂಚದ ಮೇಷ್ಟ್ರ ಊರು ವಿಯೆನ್ನಾ. ನಿವೃತ್ತಿಗೆ ಮುಂಚೆ ಇವೆರಡನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಹಳೆಯ ಆಸೆ. ಜೊತೆಗೆ ಬರಬೇಕಿದ್ದವರು ನಮ್ಮ ಯಜಮಾನರು. ಬೇಸಿಗೆಯಲ್ಲಿ ಅವರ ಸೊಂಟ ಹಿಡಿದುಕೊಂಡಿತು. ಆಗ ನನಗೆ ಅಕ್ಕನ ನೆನಪಾಯಿತು.

ಅಕ್ಕ ಗೌರಮ್ಮ ಕುಣಿಗಲ್ ತಾಲೂಕಿನ ಕೊತ್ತಗೆರೆಯಲ್ಲಿದ್ದಾಳೆ. ಭಾವ ತೀರಿಕೊಂಡು ಆಗ ಒಂದು ವರ್ಷ ದಾಟಿತ್ತು. ತೋಟದಲ್ಲಿ ಪಂಪ್‌ಸೆಟ್ ಮನೆಯ ಹತ್ತಿರ ಕುಸಿದವರು ಮತ್ತೆ ಏಳಲಿಲ್ಲ. ಅಕ್ಕ ಅಳಲಿಲ್ಲ. ಭಾವನ ಹೆಸರನ್ನೂ ಎತ್ತುತ್ತಿರಲಿಲ್ಲ. ಹೋದ ವರ್ಷದ ಮಾರ್ಲಮಿಯಲ್ಲಂತೂ ಊರಿಗೇ ಮಾತಾಗುವಂತೆ ಮಾಡಿದಳು. ಮಾರ್ಲಮಿ ಅಂದರೆ ನಮ್ಮ ಕಡೆ ಹಿರಿಯರ ಹಬ್ಬ, ದಸರಾಕ್ಕೆ ಮುಂಚಿನ ಅಮಾವಾಸ್ಯೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಎಡೆ ಇಡುತ್ತೇವೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ ಕೂಡ. ಆಮೇಲೆ ಬಾಗಿಲು ಮುಂದಕ್ಕೆಳೆದು ಮನೆಮಂದಿಯೆಲ್ಲ ಹೊರಗೆ ನಿಲ್ಲುತ್ತೇವೆ, ಅವರು ಬಂದು ನಿರಾಳವಾಗಿ ಉಣ್ಣಲಿ ಎಂದು. ಅಕ್ಕ ಒಲೆಯನ್ನೇ ಹಚ್ಚದೆ ತೋಟಕ್ಕೆ ಹೋಗಿ ಕೂತಳು. ಕೊನೆಗೆ ಭಾವನ ತಮ್ಮ ತನ್ನ ಮನೆಯಲ್ಲೇ ಎಡೆ ಇಟ್ಟ.

‘ನಿರಾಕರಣೆ’ ಎಂದು ನಾನು ತೀರ್ಮಾನಿಸಿದೆ. ಗಂಡ ಸತ್ತಿದ್ದಾನೆ ಎಂಬುದನ್ನು ಅವಳ ಮನಸ್ಸು ಒಪ್ಪಿಲ್ಲ, ಎಡೆ ಇಟ್ಟರೆ ಒಪ್ಪಿದಂತಾಗುತ್ತದೆ, ಅದಕ್ಕೇ ಇಡುತ್ತಿಲ್ಲ. ಪುಸ್ತಕದಲ್ಲಿರುವ ಹಾಗೇ ಇತ್ತು. ಜಾಗ ಬದಲಾದರೆ ಮನಸ್ಸು ಸಡಿಲವಾದೀತೆಂದು ಕರೆದೆ. ಬೆಂಗಳೂರಿಗೇ ಬಾ ಅಂದರೂ ಹತ್ತು ನೆಪ ಹೇಳುವವಳು ತಾರೀಕು ಕೇಳಿದಳು, ಗೋಡೆಯ ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತಳು, “ಬತ್ತೀನಿ ಬುಡು” ಅಂದಳು.

ಕ್ಯಾಲೆಂಡರಿನಲ್ಲಿ ನನಗೆ ಕಂಡದ್ದು ರಜೆಯ ಕೆಂಪು ಅಂಕಿಗಳು ಮಾತ್ರ. ಅಮಾವಾಸ್ಯೆಯ ಕಪ್ಪು ಚುಕ್ಕೆಯೂ ಅಲ್ಲೇ ಇದೆಯೆಂದು ಹೊಳೆದದ್ದು ಟಿಕೆಟ್ ಆದ ಮೇಲೆ. ನನ್ನದು ಮರೆವು. ಅಕ್ಕನದು ಮರೆವಾಗಿರಲಿಲ್ಲ.

ಲೈಪ್‌ಜಿಗ್

ಆ ಊರಲ್ಲಿ ಅಕ್ಕನನ್ನು ಮೊದಲು ತಡೆದು ನಿಲ್ಲಿಸಿದ್ದು ರಸ್ತೆ ದಾಟುವ ಕೆಂಪು ದೀಪ. ಎರಡೂ ಕಡೆ ಒಂದೂ ಗಾಡಿಯಿಲ್ಲ, ಆದರೂ ಹತ್ತಾರು ಜನ ಅಲ್ಲಾಡದೆ ನಿಂತಿದ್ದಾರೆ.

“ಯಾರಿಗೆ ಕಾಯ್ತಾವ್ರೆ ಇವ್ರು?”

“ದೀಪ ಹಸಿರಾಗ್ಬೇಕು, ಅಕ್ಕ.”

“ರೋಡು ಖಾಲಿ ಐತೆ, ಕಣ್ಣು ಕಾಣಾಕಿಲ್ವಾ?”

ನನಗೆ ಪಾಠದ ಹುರುಪು. ನಾಯಿ ಮೇಷ್ಟ್ರ ಕಥೆ ಹೇಳಿದೆ. ಅನ್ನ ಕೊಡುವಾಗಲೆಲ್ಲ ಗಂಟೆ ಬಾರಿಸಿದರೆ, ಕೊನೆಗೆ ಅನ್ನವಿಲ್ಲದೆ ಬರೀ ಗಂಟೆಗೂ ನಾಯಿ ಜೊಲ್ಲು ಸುರಿಸುತ್ತದೆ. ಇವರಿಗೂ ದೀಪ ಹಾಗೆ. ಅಕ್ಕ ಕೇಳಿಕೊಂಡಳು. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ, ಖಾಲಿ ರಸ್ತೆಯಲ್ಲಿ, ನಾನು ಕಾಲಿಟ್ಟೆ. ಅವಳು ಕೆಂಪು ದೀಪ ನೋಡುತ್ತ ಅಲ್ಲಾಡದೆ ನಿಂತಿದ್ದಳು. “ನಾನೂ ನಾಯಿ ಆದೆ ಕಣೇ ಸುಮಿ,” ಎಂದು ನಕ್ಕಳು. ಒಂದೂವರೆ ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೀಲದಲ್ಲಿದ್ದ ನೋಟ್‌ಬುಕ್ಕು ತೆಗೆದು, ಅವಳಿಗೆ ಕಾಣದಂತೆ, ‘ನಗು: ಒಂದು’ ಎಂದು ಬರೆದುಕೊಂಡೆ.

ನೋಟ್‌ಬುಕ್ಕಿನ ವಿಷಯ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ವಿಮಾನ ಹತ್ತಿದಾಗಿನಿಂದ ಅಕ್ಕನನ್ನು ಗಮನಿಸಿ ಬರೆಯುತ್ತಿದ್ದೆ. ಎಷ್ಟು ಉಂಡಳು, ಎಷ್ಟು ಮಾತಾಡಿದಳು, ನಿದ್ದೆ ಹೇಗೆ. ‘ಕಾಫಿ ಬಿಟ್ಟಿದ್ದಾಳೆ: ಬದುಕಿನಲ್ಲಿ ಆಸಕ್ತಿ ಕುಂದಿರುವ ಲಕ್ಷಣ’ ಎಂಬುದಕ್ಕೆ ಎರಡು ಗೆರೆ ಎಳೆದಿದ್ದೆ. ಕಾಫಿಯೆಂದರೆ ಪ್ರಾಣ ಬಿಡುತ್ತಿದ್ದವಳು ಭಾವ ಹೋದ ಮೇಲೆ ಮುಟ್ಟಿರಲಿಲ್ಲ. ಹೀಗೆಲ್ಲ ಬರೆಯುವುದು ಅವಳ ಒಳ್ಳೆಯದಕ್ಕೇ ಎಂದು ನಾನು ನಂಬಿದ್ದೆ.

ಗಡಿಯಾರದ ಮೇಷ್ಟ್ರ ಪ್ರಯೋಗಶಾಲೆಯನ್ನು ಹುಡುಕಿಕೊಂಡು ಅರ್ಧ ದಿನ ಅಲೆದೆವು. ವಿಶ್ವವಿದ್ಯಾಲಯದ ಅಂಗಳದಲ್ಲಿ ಸಿಕ್ಕ ಒಬ್ಬ ಹಿರಿಯರು, ಕೈಯಲ್ಲಿದ್ದ ಸೇಬನ್ನು ಪೂರ್ತಿ ತಿಂದು ಮುಗಿಸಿಯೇ, ಸಾವಕಾಶವಾಗಿ ಉತ್ತರ ಹೇಳಿದರು. ಆ ಕಟ್ಟಡ ಇಲ್ಲ. ಯುದ್ಧದಲ್ಲಿ ಬಾಂಬು ಬಿದ್ದು ಹೋಯಿತು. ನಮ್ಮ ಪುಸ್ತಕದಲ್ಲಿ ಅದು ಹುಟ್ಟಿದ ವರ್ಷವಿದೆ, ಎರಡು ಅಂಕದ ಪ್ರಶ್ನೆ ಅದು. ಸತ್ತ ವರ್ಷವನ್ನು ಯಾರೂ ಬರೆದಿಲ್ಲ, ಇಪ್ಪತ್ತಾರು ವರ್ಷ ನಾನೂ ಕೇಳಿಕೊಂಡಿಲ್ಲ.

ಬೆಂಚಿನ ಮೇಲೆ ಕೂತು ಅಕ್ಕನಿಗೆ ವಿವರಿಸಿದೆ: ಇಲ್ಲೇ ಎಲ್ಲೋ ಜನರನ್ನು ಕೂರಿಸಿ, ಶಬ್ದ ಮಾಡಿ, ಅದು ಮನಸ್ಸಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು, ನಿಮ್ಮೊಳಗೆ ಏನಾಗುತ್ತಿದೆ, ನೀವೇ ಇಣುಕಿ ನೋಡಿ ಹೇಳಿ ಎಂದರು.

ಅಕ್ಕ ಕೇಳಿದಳು: “ಶಬ್ದ ಬುಡು. ಒಂದ್ ಸುದ್ದಿ ಕೇಳುದ್ಮೇಲೆ, ಅದು ಒಳಕ್ಕೆ ಇಳ್ಯಕ್ಕೆ ಎಷ್ಟೊತ್ತು ಬೇಕು ಅಂತ ಅಳದವ್ರಾ?”

“ಅದನ್ನ ಅಳೆಯಕ್ಕಾಗಲ್ಲ, ಅಕ್ಕ.”

“ಮತ್ತೆ ಅಷ್ಟು ದೊಡ್ಡ ಗಡಿಯಾರ ಯಾಕ್ ಬೇಕಾಗಿತ್ತು?” ಅಂದಳು.

ರೈಲಿನಲ್ಲಿ

ವಿಯೆನ್ನಾಕ್ಕೆ ಹೋಗುವಾಗ ನಮಗೆ ಸಿಕ್ಕಿದ್ದು ಮೌನದ ಬೋಗಿ. ಅಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ, ಫೋನು ಗುಣುಗುಟ್ಟುವಂತಿಲ್ಲ. ಗುಬ್ಬಿ ರೈಲಿನಲ್ಲಿ ಕಡಲೆಕಾಯಿಯವನು, ಎಲೆ ಅಡಿಕೆಯ ಹೆಂಗಸರು, ನಡುದಾರಿಯಲ್ಲಿ ಹತ್ತಿ ಸೀಟಿಗೆ ಜಗಳವಾಡುವವರು ಎಲ್ಲರ ನಡುವೆ ಓದಿ ಪಾಠ ಸಿದ್ಧ ಮಾಡಿಕೊಳ್ಳುವ ನನಗೆ ಆ ನಿಶ್ಶಬ್ದದಲ್ಲಿ ಒಂದು ಪುಟವೂ ಓದಲಾಗಲಿಲ್ಲ. ಮಂಪರು ಬಂತು. ಎಚ್ಚರವಾದಾಗ ಅಕ್ಕನ ಕೈಯಲ್ಲಿ ನನ್ನ ನೋಟ್‌ಬುಕ್ಕು ಇತ್ತು. ಚೀಲದಲ್ಲಿ ಚಕ್ಕುಲಿ ಹುಡುಕುತ್ತಿದ್ದಳಂತೆ.

“‘ಊಟ ಅರ್ಧ. ಮಾತು ಕಮ್ಮಿ. ನಗು ಒಂದು.’ ಏನೇ ಇದು?”

ಕಸಿದುಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ.

“ಇಲಿಗೆ ಕಾಳು ಹಾಕಿ ಬರ್ಕೋತಾರಲ್ಲ, ಹಂಗೆ ಬರ್ದಿದೀಯ. ನಾನ್ ನಿನ್ ಅಕ್ಕ ಕಣೇ! ನಿನ್ನ ಕಂಕುಳಲ್ಲಿ ಹೊತ್ಕೊಂಡು ಸಾಕ್ದೋಳು!”

ಎದುರು ಸೀಟಿನ ಹೆಂಗಸು ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಫಲಕ ತೋರಿಸಿದಳು. ಅಕ್ಕ ಅವಳಿಗೆ ತಲೆಬಾಗಿ, ನನ್ನ ಕಡೆ ತಿರುಗಿ, ಬೈಗುಳವನ್ನೆಲ್ಲ ಪಿಸುಮಾತಿನಲ್ಲಿ ಮುಂದುವರಿಸಿದಳು. ಜೋರಾಗಿ ಬೈಸಿಕೊಂಡು ನನಗೆ ಅಭ್ಯಾಸವಿದೆ. ಪಿಸುಮಾತಿನ ಬೈಗುಳ ನೇರವಾಗಿ ಎದೆಗೆ ಹೋಗುತ್ತದೆ.

“ಕೇಳ್ಬೋದಾಗಿತ್ತಲ್ಲ,” ಅಂದಳು ಕೊನೆಗೆ. “ಏನಕ್ಕ ಆಗೈತೆ ನಿಂಗೆ ಅಂತ ಒಂದಿನಾನಾರ ಕೇಳಿದೀಯಾ?”

ಕೇಳಿರಲಿಲ್ಲ. ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನಾಚಿಕೆಯಾಯಿತು. ಆದರೆ ಆಗಲೂ ನಾನು ಕೇಳಲಿಲ್ಲ, ಕ್ಷಮಿಸು ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡುತ್ತ ಕೂತೆ.

ವಿಯೆನ್ನಾ

ಮಂಚದ ಮೇಷ್ಟ್ರ ಮನೆ ಈಗ ವಸ್ತುಸಂಗ್ರಹಾಲಯ. ಅಕ್ಕನನ್ನು ಹಿಂದೆ ಬಿಟ್ಟು ನಾನು ಓಡಿಯೇ ಮೆಟ್ಟಿಲು ಹತ್ತಿದೆ. ಕರಿಹಲಗೆಯ ಮೇಲೆ ಆ ಮಂಚವನ್ನು ಎಷ್ಟು ಸಲ ಬರೆದಿಲ್ಲ! ತಲೆ ಈ ಕಡೆ, ಮೇಷ್ಟ್ರ ಕುರ್ಚಿ ಹಿಂದೆ, ಮೇಲೆ ಹೊದಿಸಿದ ರತ್ನಗಂಬಳಿ. ರೋಗಿಗಳು ಕಾಯುತ್ತಿದ್ದ ಕೋಣೆ ಹಳೆಯ ಸೋಫಾ ಕುರ್ಚಿಗಳ ಸಮೇತ ಇತ್ತು. ಅದನ್ನು ದಾಟಿ ಮುಖ್ಯ ಕೋಣೆಗೆ ಹೋದರೆ ಮಂಚವಿಲ್ಲ. ಖಾಲಿ ನೆಲ.

ಅಲ್ಲಿದ್ದ ಹುಡುಗಿ ಮೃದುವಾಗಿ ವಿವರಿಸಿದಳು. ಈ ಪ್ರಶ್ನೆ ದಿನಾ ಕೇಳಿಸಿಕೊಂಡವಳಿರಬೇಕು. ಮೇಷ್ಟ್ರು ಯಹೂದಿ. ನಾಜಿಗಳು ಬಂದಾಗ ಮುದಿ ವಯಸ್ಸಿನಲ್ಲಿ ಊರು ಬಿಟ್ಟು ಲಂಡನ್ನಿಗೆ ಹೋದರು. ಮಂಚವೂ ಅವರ ಜೊತೆ ಹೋಯಿತು, ಇವತ್ತಿಗೂ ಅಲ್ಲೇ ಇದೆ.

ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಅಲ್ಲಿ ಮನೆ ಇಲ್ಲ, ಇಲ್ಲಿ ಮಂಚ ಇಲ್ಲ. ಇಲ್ದೇ ಇರದ ನೋಡಕ್ಕೆ ಇಷ್ಟು ದೂರ ಕರ್ಕೊಂಡ್ ಬಂದ್ಯಲ್ಲೇ!”

ನನಗೆ ಅಳು ಬರುವಂತಿತ್ತು. ಅಕ್ಕ ಮಾತ್ರ ಆ ಖಾಲಿ ನೆಲವನ್ನು ಒಂದು ಸುತ್ತು ಹಾಕಿ ಬಂದಳು.

“ಊರೇ ಬುಟ್ಟು ಓಡೋನು ಮಂಚ ಯಾಕ್ ಹೊತ್ಕೊಂಡು ಹೋದ?”

“ಅದೇ ಅವರ ಕಸುಬು, ಅಕ್ಕ. ಜನ ಅದರ ಮೇಲೆ ಮಲಗಿ ಮನಸ್ಸಲ್ಲಿರೋದು ಹೇಳ್ಕೊಂಡಿದ್ರು.”

“ಹೌದ್ ಬುಡು. ಓಡಿ ಬಂದ್ರೂ ಕೆಲವು ಜೊತೆಗೇ ಬತ್ತವೆ,” ಅಂದಳು.

ಅಲ್ಲಿಂದ ಒಂದು ಕಾಫಿ ಮನೆಗೆ ಹೋದೆವು. ವಿಯೆನ್ನಾದ ಕಾಫಿ ಮನೆಗಳಲ್ಲಿ ಒಂದು ಕಾಫಿ ತರಿಸಿಕೊಂಡು ಅರ್ಧ ದಿನ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ನಮ್ಮ ಕಡೆ ದರ್ಶಿನಿಯಲ್ಲಿ ನಿಂತು ಕುಡಿಯುವಾಗಲೇ ಟೇಬಲ್ ಒರೆಸುವ ಬಟ್ಟೆ ಮೊಣಕೈಗೆ ತಾಗಿರುತ್ತದೆ. ಇಲ್ಲಿ ಕಾಫಿಯನ್ನು ಪುಟ್ಟ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಲೋಟ ನೀರು, ಸಕ್ಕರೆ ಪೊಟ್ಟಣ ಇಟ್ಟು, ನೈವೇದ್ಯದ ಹಾಗೆ ತಂದಿಡುತ್ತಾರೆ. ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಅಕ್ಕ ಏನೂ ಕುಡಿಯಲಿಲ್ಲ. ಏಳುವಾಗ ತಟ್ಟೆಯಲ್ಲಿದ್ದ ಎರಡು ಸಕ್ಕರೆ ಪೊಟ್ಟಣ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ನೋಡಿದೆ. ಬರೆದುಕೊಳ್ಳಲಿಲ್ಲ.

ಅಮಾವಾಸ್ಯೆ

ಮರುದಿನ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ ಬಂದು, “ಇವತ್ತು ಅಮಾಸೆ. ಎಡೆ ಇಕ್ಬೇಕು,” ಅಂದಳು.

ನಾವಿದ್ದದ್ದು ಹಿಲ್ಡಾ ಎಂಬ ವಯಸ್ಸಾದ ಹೆಂಗಸು ಬಾಡಿಗೆಗೆ ಕೊಡುವ, ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ. ಅವಳು ಮೂರು ಬೀದಿ ಆಚೆ ಇರುತ್ತಾಳೆ. ಊರಿನಿಂದ ತಂದ ಸಾರಿನ ಪುಡಿಯಲ್ಲಿ ಅಕ್ಕ ಸಾರು ಮಾಡಿದಳು, ಅನ್ನ ಮಾಡಿದಳು. ಹಾಲು ತರಿಸಿ ಕಾಫಿ ಮಾಡಿದಳು. ಸೆರಗಿನ ಗಂಟು ಬಿಚ್ಚಿ ಎರಡೂ ಪೊಟ್ಟಣ ಕಾಫಿಗೆ ಸುರಿದು, ಚಮಚದಲ್ಲಿ ಬಹಳ ಹೊತ್ತು ಕಲಕಿದಳು. ಕಿಟಕಿಯ ಕಟ್ಟೆಯ ಮೇಲೆ ಭಾವನ ಪಾಸ್‌ಪೋರ್ಟ್ ಅಳತೆಯ ಫೋಟೋ ಒಂದನ್ನು ಒರಗಿಸಿದಳು. ಅದನ್ನು ಅವಳು ತಂದಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ಫೋಟೋದ ಮುಂದೆ ಎಡೆ ಇಟ್ಟು, ಗಾಜಿನ ಬಟ್ಟಲೊಳಗೆ ಪುಟ್ಟ ಮೇಣದ ದೀಪ ಹಚ್ಚಿದಳು.

“ನಡಿ, ಈಚೆಗೆ ಹೋಗಣ,” ಅಂದಳು.

ಇಬ್ಬರೂ ಹೊರಗೆ ಬಂದೆವು. ಅಕ್ಕ ಬಾಗಿಲು ಮುಂದಕ್ಕೆಳೆದಳು. ‘ಠಕ್’ ಎಂದಿತು. ಆ ಊರಿನ ಬಾಗಿಲುಗಳಿಗೆ ಹೊರಗಡೆ ಹಿಡಿಯೇ ತಿರುಗುವುದಿಲ್ಲ. ಮುಚ್ಚಿದರೆ ಬೀಗ ಬಿದ್ದಂತೆ. ಕೀಲಿ ಒಳಗೆ, ಫೋನು ಒಳಗೆ, ಚಪ್ಪಲಿ ಕೂಡ ಒಳಗೆ. ಸತ್ತವರು ಬಂದು ಉಣ್ಣಲೆಂದು ಮನೆಯಿಂದ ಹೊರಗೆ ನಿಂತು ಬೀಗ ಹಾಕಿಕೊಂಡವರು ಆ ಕಟ್ಟಡದ ಇತಿಹಾಸದಲ್ಲೇ ನಾವು ಮೊದಲಿಗರಿರಬೇಕು.

ಕೆಳಗಿನ ಮನೆಯ ಗಂಟೆ ಒತ್ತಿದೆ. ಗಂಟೆಗೆ ಸರಿಯಾಗಿ ಒಂದು ನಾಯಿ ಬೊಗಳಿತು. ನಾಯಿಯ ಯಜಮಾನ ಹಿಲ್ಡಾಳಿಗೆ ಫೋನು ಮಾಡಿ, ಅವಳು ಹೊರಗೆಲ್ಲೋ ಇದ್ದಾಳೆ, ಒಂದು ಗಂಟೆಯಾಗುತ್ತದೆ ಎಂದು ತಿಳಿಸಿದ. ನಾವು ಬರಿಗಾಲಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತೆವು. ಒಳಗೆ ದೀಪ ಉರಿಯುತ್ತಿದೆಯೆಂದು ನನಗೆ ಗಾಬರಿ. ಅಕ್ಕನಿಗೆ ಏನೂ ಇಲ್ಲ. “ನಿಧಾನುಕ್ಕೆ ಕುಡೀಲಿ ಬುಡು,” ಅಂದಳು.

ಆಗ ಕೇಳಿದೆ. “ಅಕ್ಕ, ಹೋದ ಸಲ ಯಾಕೆ ಎಡೆ ಇಕ್ಲಿಲ್ಲ?”

ಅವಳು ತನ್ನ ಪಾದ ನೋಡಿಕೊಳ್ಳುತ್ತ ಹೇಳಿದಳು. ಭಾವನಿಗೆ ಸಕ್ಕರೆ ಕಾಯಿಲೆ. ಅವತ್ತು ಬೆಳಿಗ್ಗೆ ತೋಟಕ್ಕೆ ಹೊರಡುವ ಮುಂಚೆ ಅಡಿಗೆಮನೆಗೆ ಬಂದು, “ಇವತ್ತೊಂದಿನ ಎರಡು ಚಮಚ ಸಕ್ಕರೆ ಹಾಕಿ ಕಾಫಿ ಕೊಡಮ್ಮಿ,” ಎಂದು ಕೇಳಿದರಂತೆ. ಅಕ್ಕ ಗದರಿ, ಸಕ್ಕರೆಯಿಲ್ಲದ್ದನ್ನೇ ಕೈಗೆ ಕೊಟ್ಟಳು. ಅವರು ಒಂದು ಗುಟುಕು ಕುಡಿದು, ಲೋಟ ಕಟ್ಟೆಯ ಮೇಲಿಟ್ಟು, ಏನೂ ಅನ್ನದೆ ಹೋದರು.

“ಸುದ್ದಿ ಬಂದು ನಾನ್ ಓಡೋಗಿ, ಎಲ್ಲಾ ಮುಗ್ದು ಮನೆಗೆ ಬಂದ್ರೆ ಲೋಟ ಹಂಗೇ ಕೂತಿತ್ತು ಕಣೇ, ಮುಕ್ಕಾಲು ಕಾಫಿ. ಬದುಕಿದ್ದಾಗ ಬಾಯ್ಬಿಟ್ಟು ಕೇಳುದ್ರೆ ಇಕ್ಲಿಲ್ಲ. ಸತ್ಮೇಲೆ ಎಲೆ ಹಾಕಿ ಇಷ್ಟವಾದ್ದು ಇಕ್ಲಾ? ಯಾವ ಮಕ ಇಟ್ಕೊಂಡು ಇಕ್ಲಿ?”

ನಿರಾಕರಣೆಯಂತೆ! ಗಂಡ ಸತ್ತಿದ್ದಾನೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ರಂಗೋಲಿಯಲ್ಲಿ ಬಿಟ್ಟುಹೋದ ಗೆರೆಯನ್ನು ನಾನೇ ನನಗೆ ಬೇಕಾದ ಹಾಗೆ ಎಳೆದುಕೊಂಡು ಕೂತಿದ್ದೆ.

“ಸಕ್ಕರೆ ಕೊಡದೇ ಇದ್ದಿದ್ದು ತಪ್ಪಲ್ಲ, ಅಕ್ಕ. ಡಾಕ್ಟ್ರೂ ಅದನ್ನೇ...”

“ಗೊತ್ತು ಕಣೇ. ನೀನೂ ಅದನ್ನೇ ಹೇಳಿದ್ದೆ.”

“ನಾನಾ?”

“ಯುಗಾದಿಗೆ ಬಂದಿದ್ದಾಗ. ಕೇಳ್ದಾಗಲೆಲ್ಲ ಕೊಟ್ರೆ ಚಾಳಿ ಗಟ್ಟಿಯಾಯ್ತದೆ, ಒಂದ್ ಸಲಾನೂ ಕೊಡ್ಬೇಡ, ಕೇಳಿ ಕೇಳಿ ತಾನೇ ಬಿಡ್ತಾರೆ, ಇಲೀನೂ ಹಂಗೇ ಬಿಟ್ಬುಡ್ತದೆ ಅಂದೆ. ಪುಸ್ತಕ ಓದ್ದೋಳು ಹೇಳ್ತಾವ್ಳೆ ಅಂತ ಗಟ್ಟಿ ಮನಸು ಮಾಡ್ದೆ.”

ನೆನಪಾಯಿತು. ಒಬ್ಬಟ್ಟು ತಿನ್ನುತ್ತ ಹೇಳಿದ್ದೆ. ಭಾವ ಅಲ್ಲೇ ಜಗಲಿಯ ಮೇಲೆ ಕೂತು, “ನಮ್ ಮೇಡಮ್ಮು ನನ್ನ ಇಲಿ ಮಾಡ್ಬುಟ್ರು” ಎಂದು ನಕ್ಕಿದ್ದರು. ಅದನ್ನು ನಾನು ಊರು ದಾಟುವ ಮೊದಲೇ ಮರೆತಿದ್ದೆ. ಅವಳು ದಿನಾ ಬೆಳಿಗ್ಗೆ ಪಾಲಿಸಿದ್ದಳು.

“ಮೊದಲೇ ಯಾಕಕ್ಕ ಹೇಳ್ಲಿಲ್ಲ ನಂಗೆ?”

“ಹೇಳುದ್ರೆ ನೀನೂ ಕೊರಗ್ತಾ ಕೂತ್ಕೋತೀಯ ಅಂತ ಸುಮ್ಕಿದ್ದೆ,” ಅಂದಳು. “ಒಬ್ಬುಳು ಸಾಕಲ್ವಾ?”

ಒಂದೂವರೆ ವರ್ಷದಿಂದ ನಾನು ಅವಳಿಗೆ ಚಿಕಿತ್ಸೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಷ್ಟೂ ಕಾಲ ಅವಳು ನನ್ನನ್ನು ಕಾಪಾಡುತ್ತಿದ್ದಳು. ಆ ಮೆಟ್ಟಿಲ ಮೇಲೆ ಅವಳ ಮಡಿಲಲ್ಲಿ ತಲೆಯಿಟ್ಟು, ಐವತ್ತೇಳು ವರ್ಷದ ಮೇಡಮ್ಮು, ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ನನ್ನ ಬೆನ್ನು ಸವರುತ್ತ ಸವರುತ್ತ ತಾನೂ ಅತ್ತಳು. ಕೆಳಗಿನ ಮನೆಯ ನಾಯಿ ಬಂದು ನಮ್ಮಿಬ್ಬರನ್ನೂ ಮೂಸಿ, ಹತ್ತಿರದಲ್ಲೇ ಮಲಗಿತು.

ಹಿಲ್ಡಾ ಕೀಲಿ ತಂದಳು. ಯಾಕೆ ಹೀಗಾಯಿತೆಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದಾಗ ಅವಳು ಅಕ್ಕನ ಮುಖ ನೋಡಿದಳು, ಬಾಗಿಲು ತೆರೆದಳು, ಆದರೆ ಒಳಗೆ ಕಾಲಿಡಲಿಲ್ಲ. ಪಕ್ಕಕ್ಕೆ ಸರಿದು ಅಕ್ಕನಿಗೆ ದಾರಿ ಬಿಟ್ಟಳು. ಹೋಗುವ ಮುಂಚೆ ಒಂದೇ ಮಾತು ಕೇಳಿದಳು: ಅವರು ಬಂದಿದ್ದರಾ? ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. “ಬಂದಿದ್ರು ಅನ್ನು,” ಅಂದಳು ಅಕ್ಕ.

ದೀಪ ಇನ್ನೂ ಉರಿಯುತ್ತಿತ್ತು. ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಎಡೆಯದ್ದನ್ನು ಆಮೇಲೆ ಮನೆಯವರು ಪ್ರಸಾದದಂತೆ ತೆಗೆದುಕೊಳ್ಳಬೇಕು, ಅದು ನಮ್ಮ ಪದ್ಧತಿ. ಅಕ್ಕ ಲೋಟ ಎತ್ತಿ, ಒಂದೂವರೆ ವರ್ಷದ ಮೇಲೆ, ಒಂದು ಗುಟುಕು ಕಾಫಿ ಕುಡಿದಳು. ಇನ್ನೊಂದು ಕುಡಿದಳು.

ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು, “ಉಳ್ದಿದ್ದು ನೀನ್ ಕುಡಿ. ಸಕ್ಕರೆ ಸರ್ಯಾಗೈತೆ,” ಅಂದಳು.